ಮಾಸ್ತರರ ಮಗನ ಮೇಲೆ ನಾನು ಬರೆದ ಸಾಲು

ಪೊಲೀಸ್ ಖಾತೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತನಾದವನು ನಾನು. ಅದರಲ್ಲಿ ಇಪ್ಪತ್ತೆರಡು ವರ್ಷ ಮೈಮೇಲೆ ಖಾಕಿಯೇ ಇರಲಿಲ್ಲ. ಊರಲ್ಲಿ ಯಾರು ಏನು ಮಾಡುತ್ತಿದ್ದಾರೆ, ಎಲ್ಲಿ ಗಲಾಟೆ ಆಗಬಹುದು ಎಂದು ಕೇಳಿ, ಬರೆದು, ಮೇಲಕ್ಕೆ ಕಳಿಸುವ ಗುಪ್ತ ಮಾಹಿತಿಯ ಶಾಖೆಯಲ್ಲಿದ್ದೆ. ಗುಪ್ತ ಎನ್ನುವುದು ಹೆಸರಿಗೆ ಮಾತ್ರ. ನಮ್ಮ ಕಡೆ ಓಣಿಗೆ ಹೊಸ ಎಮ್ಮೆ ಬಂದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ನಾನು ಯಾವ ಲೆಕ್ಕ! ಚಾದಂಗಡಿಯ ಬೆಂಚಿನ ಮೇಲೆ ನಾನು ಕೂತರೆ ಮಾತು ಬದಲಾಗುತ್ತಿತ್ತು. ಮಳೆ ಬಗ್ಗೆ, ಹತ್ತಿ ರೇಟಿನ ಬಗ್ಗೆ ಎರಡು ಮಾತಾಡಿ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ಅಂಗಡಿಯವನೊಬ್ಬ ಉಳಿಯುತ್ತಿದ್ದ, ಅವನಿಗೆ ಎದ್ದು ಹೋಗಲು ಜಾಗವಿರಲಿಲ್ಲ.

ನಿವೃತ್ತನಾದ ಮೇಲೂ ಇದು ಹಾಗೇ ಮುಂದುವರಿದಿದೆ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡ ಕಾಣುವ ಒಂದು ಬಾಡಿಗೆ ಮನೆಯಲ್ಲಿದ್ದೇನೆ. ಮದುವೆ, ಮುಂಜಿವೆಗೆ ಚೀಟಿ ಬರುತ್ತದೆ, ಹೋದರೆ ಊಟಕ್ಕೂ ಕೂಡಿಸುತ್ತಾರೆ. ಆದರೆ ನನ್ನ ಪಕ್ಕ ಕೂತವರು ಬೇಗ ಬೇಗ ಉಣ್ಣುತ್ತಾರೆ.

ಈಗ ನಮ್ಮ ಓಣಿಯ ಹುಡುಗಿಯೊಬ್ಬಳು ಅದೇ ಶಾಖೆಗೆ ಸೇರಿದ್ದಾಳೆ. ತರಬೇತಿಯಲ್ಲಿ ಕೊಟ್ಟ ಪುಸ್ತಕ ತಂದು ನನ್ನ ಮುಂದೆ ಇಟ್ಟಳು.

“ಕಾಕಾ, ಭಯೋತ್ಪಾದನೆ ಅಂದ್ರೇನು ಅನ್ನೂದಕ್ಕನ ಇದರಾಗ ಇಷ್ಟು ಪುಟ ಬರದಾರ. ಎರಡ ಸಲ ಓದಿದೆ. ತಲಿಗಿ ಏನೂ ಹತ್ತವಲ್ದು.”

“ನನಗೂ ಹತ್ತಿರಲಿಲ್ಲವ್ವಾ” ಎಂದೆ.

ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಎಷ್ಟು ತಡವಾಗಿ ಬಂತು ಎಂಬ ಪುರಾಣ ಇದರಲ್ಲಿಲ್ಲ. ಒಬ್ಬ ಮನುಷ್ಯನ ಕತೆ ಇದೆ. ಅವನ ಹೆಸರನ್ನೂ ಬರೆಯುವುದಿಲ್ಲ, ಅವನು ಸೇರಿದ ಗುಂಪಿನ ಬಣ್ಣವನ್ನೂ ಬರೆಯುವುದಿಲ್ಲ. ಬರೆದರೆ ನೀವು ಮೊದಲು ಜಾತಿ ಹುಡುಕುತ್ತೀರಿ, ಆಮೇಲೆ ‘ಹಂಗಾದ್ರ ಸರಿ’ ಎಂದು ಪುಸ್ತಕ ಮುಚ್ಚುತ್ತೀರಿ. ಇಪ್ಪತ್ತೆರಡು ವರ್ಷ ನಾನೂ ಅದನ್ನೇ ಮಾಡಿದವನು, ಆದ್ದರಿಂದ ಗೊತ್ತು. ಅವನನ್ನು ಮಾಸ್ತರರ ಮಗ ಎಂದು ಕರೆಯುತ್ತೇನೆ. ಸುರಪುರದ ಶಾಲೆಯಲ್ಲಿ ಕಲಿಸುತ್ತಿದ್ದ ಅವನ ತಂದೆಯನ್ನು ಎಲ್ಲರೂ ಮಾಸ್ತರರು ಎಂದೇ ಕರೆಯುತ್ತಿದ್ದರು.

ಇದನ್ನು ಅಚ್ಚಿಗೆ ಕೊಡುವ ಮೊದಲು ಆ ಮಾಸ್ತರರಿಗೆ ನಾನು ಒಂದು ಮಾತು ಹೇಳಬೇಕಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ಸೇರಿಸಿದರೂ ನನಗಿದ್ದ ಗೆಳೆಯ ಅವರೊಬ್ಬರೇ. ಹೇಳಿದರೆ ಅವರೂ ಉಳಿಯುವುದಿಲ್ಲ ಎಂಬ ಹೆದರಿಕೆಯಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಭಯೋತ್ಪಾದನೆ ಎಂದರೇನು ಎಂದು ನನಗೆ ಮೊದಲು ಕಾಣಿಸಿದ್ದು ಯಾದಗಿರಿ ರೈಲು ನಿಲ್ದಾಣದಲ್ಲಿ. ಎಲ್ಲೋ ದೂರದ ಊರಿನಲ್ಲಿ ಬಾಂಬು ಸಿಡಿದ ಮರುದಿನ. ಟಿ.ವಿ.ಯಲ್ಲಿ ಹಗಲೆಲ್ಲ ಅದೇ ಚಿತ್ರ. ನಾನು ಪ್ಲಾಟ್‌ಫಾರಂನಲ್ಲಿ ನಿಂತಿದ್ದೆ. ಬೆಂಚಿನ ಕೆಳಗೆ ಒಂದು ಕೈಚೀಲ, ಹತ್ತಿರ ಯಾರೂ ಇಲ್ಲ. ಯಾರೋ ಒಬ್ಬ “ಯಾರದ್ರಿ ಇದು?” ಎಂದ. ಇನ್ನೊಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟೇ ಸಾಕಾಯಿತು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪ್ಲಾಟ್‌ಫಾರಂ ಖಾಲಿ. ಒಬ್ಬ ಹೆಣ್ಣುಮಗಳು ಓಡುವಾಗ ತನ್ನ ಕೂಸನ್ನು ಅಲ್ಲೇ ಬಿಟ್ಟು ಓಡಿ, ಮತ್ತೆ ಚೀರುತ್ತ ವಾಪಸು ಬಂದು ಎತ್ತಿಕೊಂಡಳು. ನಾನು? ನಾನೂ ಓಡಿದೆ. ಸರ್ಕಾರದ ಪಗಾರ ತಿನ್ನುವವನು ಕಂಬದ ಹಿಂದೆ ನಿಂತಿದ್ದೆ.

ಹತ್ತು ನಿಮಿಷಕ್ಕೆ ನಳದ ಕಡೆಯಿಂದ ಒಬ್ಬ ಮುದುಕಿ ಬಂದಳು. ವಡಗೇರಾದ ಕಡೆಯವಳು. ಕೈಯಲ್ಲಿ ನೀರಿನ ತಂಬಿಗೆ. ನೆಟ್ಟಗೆ ಹೋಗಿ ಚೀಲ ಎಳೆದು ರೊಟ್ಟಿ ಬಿಚ್ಚಿದಳು. ನಾವೆಲ್ಲ ಸೇರಿ ಅವಳ ಮೇಲೆ ಹರಿಹಾಯ್ದೆವು. ಅವಳು ರೊಟ್ಟಿಯನ್ನು ಎದೆಗೆ ಹಿಡಿದುಕೊಂಡು, “ನಾ ಏನ್ ಮಾಡೀನಪ್ಪೋ? ನೀರ ತರಾಕ ಹೋಗಿದ್ದೆ” ಎಂದು ಅಳತೊಡಗಿದಳು.

ಬಾಂಬಿಟ್ಟವನಿಗೆ ನಮ್ಮ ಯಾದಗಿರಿ ನಕ್ಷೆಯಲ್ಲಿ ಎಲ್ಲಿದೆ ಎಂದೂ ಗೊತ್ತಿರಲಿಕ್ಕಿಲ್ಲ. ಆದರೂ ಅವನು ನಮ್ಮ ಪ್ಲಾಟ್‌ಫಾರಂ ಖಾಲಿ ಮಾಡಿಸಿದ್ದ, ನಮ್ಮಿಂದ ಒಬ್ಬ ಮುದುಕಿಯನ್ನು ಅಳಿಸಿದ್ದ. ಕೊಲೆಗಾರನಿಗೆ ಬೇಕಾದುದು ಸಾಯುವವನು. ಇವನಿಗೆ ಬೇಕಾದುದು ಸಾಯದೆ ಉಳಿದು ನೋಡುತ್ತಿರುವ ನಾವು. ನಾವು ಒಬ್ಬರನ್ನೊಬ್ಬರು ನೋಡುವ ಬಗೆ ಬದಲಾದರೆ ಅವನ ಕೆಲಸ ಆದಂತೆ. ಪುಸ್ತಕದ ಪುಟಗಳಲ್ಲಿ ಇದೂ ಇದೆ, ಆದರೆ ಕಂಬದ ಹಿಂದೆ ನಿಂತ ಮೇಲೆ ನನಗೆ ತಿಳಿಯಿತು.

ಕಾರಣಗಳ ವಿಷಯ ಬೇರೆ. ಒಮ್ಮೆ ತರಬೇತಿಗೆ ದೊಡ್ಡ ಅಧಿಕಾರಿಯೊಬ್ಬರು ಬಂದು ಪರದೆಯ ಮೇಲೆ ಐದು ಕಾರಣ ತೋರಿಸಿದರು. ಮೊದಲನೆಯದು ಬಡತನ, ಎರಡನೆಯದು ನಿರುದ್ಯೋಗ. ನನಗೆ ಬಾಯಿ ತಡೆಯಲಿಲ್ಲ, ಎದ್ದು ನಿಂತೆ. “ಸಾಹೇಬ್ರ, ಬಡತನ ಕಾರಣ ಆಗಿದ್ರ ನಮ್ಮ ಜಿಲ್ಲಾದಾಗ ಮನಿಗೊಬ್ಬ ಇರಬೇಕಿತ್ತಲ್ರಿ. ನಮ್ಮ ಮಂದಿ ಮುಂಬೈಗಿ ಹೋಗಿ ಕಲ್ಲು ಹೊರತಾರ, ಬಾಂಬ್ ಹೊರೂದಿಲ್ಲ” ಎಂದೆ. ಎಲ್ಲರೂ ನಕ್ಕರು. ಸಾಹೇಬರು “ಕೂತ್ಕೊಳ್ರಿ” ಎಂದರು. ಜಾಣನ ಹಾಗೆ ಮಾತಾಡಿದೆನೆಂದು ಖುಷಿಯಾಗಿ ಕೂತೆ. ಆಗ ನನಗೂ ಉತ್ತರ ಗೊತ್ತಿರಲಿಲ್ಲ.

ಈಗ ನಮ್ಮ ಕೆಲಸದ ರಿವಾಜು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಶನಿವಾರ ನಾವು ವಾರದ ಟಿಪ್ಪಣಿ ಕಳಿಸಬೇಕಿತ್ತು. ಏನೂ ನಡೆದಿಲ್ಲ ಎಂದು ಒಂದು ವಾರ ಬರೆಯಬಹುದು, ಎರಡನೆಯ ವಾರ ಬರೆದರೆ ಬೈಗುಳ. ಆಗಿನ ನಮ್ಮ ಸಾಹೇಬರು, ಮೀಸೆ ಸಾಹೇಬರು ಎಂದೇ ನಾವು ಕರೆಯುತ್ತಿದ್ದೆವು, ಹೇಳುತ್ತಿದ್ದರು: “ಏನೂ ಇಲ್ಲಂದ್ರ ಸರ್ಕಾರ ನಿನಗ್ಯಾಕ ಪಗಾರ ಕೊಡಬೇಕಲೇ? ಊರಾಗ ಏನೂ ಇಲ್ಲಂತಲ್ಲ, ನಿನಗ ಕಾಣಸವಲ್ದು ಅಂತ ಅರ್ಥ.” ಹೀಗಾಗಿ ಶುಕ್ರವಾರ ಸಂಜೆಯಾದರೆ ನಾವು ಸುದ್ದಿಗಾಗಿ ಅಲೆಯುತ್ತಿದ್ದೆವು. ಸಿಕ್ಕಿದ್ದನ್ನು ಸ್ವಲ್ಪ ಕಾಯಿಸಿ ಬರೆಯುತ್ತಿದ್ದೆವು.

ಅಂಥ ಒಂದು ಶುಕ್ರವಾರ ಸುರಪುರದಲ್ಲಿ ಮಾಸ್ತರರ ಮನೆಗೆ ಹೋದೆ. ಮತದಾರರ ಪಟ್ಟಿ ನೋಡಲು ಬಂದವನೆಂದು ಹೇಳಿದೆ. ಅವರು ಒಳಗೆ ಕರೆದು, ಮಂಡಕ್ಕಿಯ ಸುಸಲಾ ಕೊಟ್ಟು, ಚಾ ಕೊಟ್ಟು, ನಾನು ಯಾರೆಂದು ಗೊತ್ತಾದ ಮೇಲೂ ನಗುತ್ತಲೇ ಇದ್ದರು. ಅಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಕಂಡು ಬಾಗಿಲು ಪೂರ್ತಿ ತೆರೆದ ಮನೆ ಅದೊಂದೇ. ಬಿ.ಎ. ಓದುತ್ತಿದ್ದ ಮಗನ ಬಗ್ಗೆ ನಾನು ಕೇಳದೆಯೇ ಅವರೇ ಹೇಳಿದರು.

“ಬೋನಾಳ ಕಡಿಯಿಂದ ಬರೂ ಬಸ್ಸು ನಮ್ಮ ಸಾಲಿ ಹುಡುಗ್ಯಾರಿಗಿ ನಿಲ್ಲಸವಲ್ಲರ್ರಿ. ನಮ್ಮಾಂವ ಎಂಟ ಮಂದೀನ ಕರಕೊಂಡು ಹೋಗಿ ರಸ್ತಾದ ಮ್ಯಾಲ ಕುಂತುಬಿಟ್ಟ! ಅರ್ಧಾ ತಾಸು! ಈಗ ದಿನಾ ನಿಲ್ತದ ನೋಡ್ರಿ.”

ಅವರ ಮುಖದಲ್ಲಿ ಏನು ಹಿಗ್ಗು! ನಾನೂ “ಭಲೇ” ಎಂದೆ. ಮನಸಾರೆ ಎಂದೆ. ಮರುದಿನ ಶನಿವಾರ. ಬರೆಯಲು ಬೇರೇನೂ ಇರಲಿಲ್ಲ. ಮಾಸ್ತರರ ಮಗನ ಹೆಸರು ಹಾಕಿ, “ಯುವಕರನ್ನು ಪ್ರಚೋದಿಸಿ ರಸ್ತೆ ತಡೆ ನಡೆಸಿರುತ್ತಾನೆ. ಈತನ ಮೇಲೆ ನಿಗಾ ಅಗತ್ಯ” ಎಂದು ಬರೆದು ಕಳಿಸಿದೆ. ಅದರಲ್ಲಿ ಸುಳ್ಳು ಒಂದಕ್ಷರ ಇಲ್ಲ ಎಂದು ಆಗ ನನಗೆ ಸಮಾಧಾನವೂ ಇತ್ತು.

ಆ ಸಾಲು ನಿಗಾ ಇಡಬೇಕಾದವರ ಪಟ್ಟಿಗೆ ಸೇರಿತು. ವರ್ಷಕ್ಕೊಮ್ಮೆ ಪಟ್ಟಿಯನ್ನು ಹೊಸದಾಗಿ ಬರೆಯಬೇಕು. ಹೊಸದು ಎಂದರೆ ಹಳೆಯದರ ನಕಲು. ಮೊದಲು ಕಾರ್ಬನ್ ಹಾಳೆ ಇಟ್ಟು ಕೈನೋಯುವಂತೆ ಒತ್ತಿ ಬರೆಯುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಕೆಲಸ ಹಗುರಾಯಿತು, ತಪ್ಪು ಇನ್ನೂ ಹಗುರಾಯಿತು. ಕೈಯಲ್ಲಿ ಬರೆಯುವಾಗ ಆಗೀಗ ಒಂದು ಹೆಸರಿನ ಹತ್ತಿರ ಪೆನ್ನು ನಿಲ್ಲುತ್ತಿತ್ತು, ಇವನು ಈಗ ಏನು ಮಾಡುತ್ತಿದ್ದಾನೋ ಎಂದು. ಕಂಪ್ಯೂಟರ್‌ನಲ್ಲಿ ಒಂದೇ ಸಲ ಎಲ್ಲವೂ ನಕಲಾಗಿ ಬರುತ್ತಿತ್ತು. ಹೆಸರು ಸೇರಿಸಲು ಒಂದು ಸಾಲು ಸಾಕು. ತೆಗೆಯಬೇಕಾದರೆ ಯಾಕೆ ತೆಗೆಯುತ್ತಿದ್ದೀರಿ ಎಂದು ಪುಟಗಟ್ಟಲೆ ವಿವರಣೆ ಬರೆದು, ಮೂರು ಸಹಿ ಹಾಕಿಸಬೇಕು. ಯಾರು ಆ ಗೋಜಿಗೆ ಹೋಗುತ್ತಾರೆ?

ಮೂರು ವರ್ಷದ ಮೇಲೆ ಮಾಸ್ತರರ ಮಗ ಒಂದು ಸರ್ಕಾರಿ ನೌಕರಿಯ ಪರೀಕ್ಷೆ ಪಾಸಾದ. ಅವನ ನಡತೆ ವಿಚಾರಿಸಿ ವರದಿ ಕೊಡುವ ಕಾಗದ ನನ್ನ ಮೇಜಿಗೇ ಬಂತು. ಪಟ್ಟಿಯಲ್ಲಿ ಹೆಸರಿದೆ ಎಂದು ಮೇಲಿನವರು ಅದರ ಜೊತೆ ಹಳೆಯ ಟಿಪ್ಪಣಿಯ ನಕಲು ಲಗತ್ತಿಸಿದ್ದರು. ನನ್ನದೇ ಸಾಲು ನನಗೇ ಸಾಕ್ಷಿಯಾಗಿ ವಾಪಸು ಬಂದಿತ್ತು. ಅದನ್ನು ಹಿಡಿದು ಸಾಹೇಬರ ಹತ್ತಿರ ಹೋದೆ. ಮೀಸೆ ಸಾಹೇಬರು ಹೋಗಿ ಬೇರೊಬ್ಬರು ಬಂದಿದ್ದರು.

“ಹುಡುಗ ಚಲೋ ಇದ್ದಾನ್ರಿ ಸಾಹೇಬ್ರ. ಮನೆತನನೂ ಚಲೋದು. ಇದು ಹಳೇ ನೋಟ್” ಎಂದೆ.

“ಯಾರು ಬರದಿದ್ದು?”

“ನಾನ ರಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹಂಗಾದ್ರ ಆಗ ಸುಳ್ಳು ಬರದಿಯೋ, ಈಗ ಸುಳ್ಳು ಹೇಳಾಕತ್ತಿಯೋ? ಬರದು ಕೊಡು. ಎರಡರಾಗ ಯಾವುದಕ್ಕರೆ ನಿನ್ನ ಮ್ಯಾಲ ಕ್ರಮ ತಗೋತೀನಿ.”

ಆಗ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ನೌಕರಿ ಬೇಕಿತ್ತು ಎಂದು ನೆಪ ಹೇಳಬಹುದು. ಅದು ನಿಜವೂ ಹೌದು. ಆದರೆ ಹೆಂಡತಿ ಆರೋಗ್ಯವಾಗಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ, ನನ್ನ ಪುಕ್ಕಲುತನ ನನಗೆ ಗೊತ್ತು. “ಹಿಂದಿನ ವರದಿಯಂತೆ” ಎಂದು ಎರಡು ಪದ ಬರೆದು ಕಳಿಸಿದೆ. ಮಾಸ್ತರರ ಮಗನಿಗೆ ನೌಕರಿ ಸಿಗಲಿಲ್ಲ. ಯಾಕೆ ಎಂದು ಅವನಿಗೆ ಯಾರೂ ಹೇಳಲೂ ಇಲ್ಲ.

ಆಮೇಲೆ ಪಟ್ಟಿಯಲ್ಲಿದ್ದವನೆಂದು ತಿಂಗಳಿಗೊಮ್ಮೆ ಅವನನ್ನು ನೋಡಿ ಬರುವ ಕೆಲಸವೂ ನನ್ನದೇ. ಹೋದಾಗಲೆಲ್ಲ ಮಾಸ್ತರರು ಚಾ ಕೊಡುತ್ತಿದ್ದರು. ಮಗ ಒಳಕೋಣೆಯಲ್ಲಿ ಮೊಬೈಲು ನೋಡುತ್ತ ಮಲಗಿರುತ್ತಿದ್ದ. ಅವನ ಜೊತೆಯವರಿಗೆ ನೌಕರಿ ಸಿಕ್ಕು, ಮದುವೆಯಾಗಿ ಊರು ಬಿಟ್ಟಿದ್ದರು. ಪೊಲೀಸರು ಬಂದು ಹೋಗುವ ಮನೆ ಎಂದು ಉಳಿದವರು ಕಾಲಿಡುವುದನ್ನು ಬಿಟ್ಟಿದ್ದರು. ಒಂದು ದಿನ ಹೋದಾಗ ಅವನಿರಲಿಲ್ಲ. “ಹೊಸ ಗೆಳ್ಯಾ ಸಿಕ್ಕಾನ ರಿ, ಫೋನಿನ್ಯಾಗ. ಕೆಲಸ ಕೊಡಸ್ತಾನಂತ, ಹೋಗ್ಯಾನ” ಎಂದರು ಮಾಸ್ತರರು. ಪಾಪ, ಅವರಿಗೆ ಸಂತೋಷವಾಗಿತ್ತು. “ಈತನು ಕೆಲಸ ಅರಸಿ ಹೊರಗೆ ಹೋಗಿರುತ್ತಾನೆ” ಎಂದು ನಾನೂ ಬರೆದೆ.

ಒಂದು ವರ್ಷದ ಮೇಲೆ ಒಂದು ಊರಿನ ಸಂತೆಯಲ್ಲಿ ಚೀಲವೊಂದು ಸಿಡಿಯಿತು. ಸತ್ತವರಲ್ಲಿ ಬಳೆ ಮಾರುವ ಹೆಂಗಸೊಬ್ಬಳಿದ್ದಳು. ಸಿಕ್ಕಿಬಿದ್ದವರಲ್ಲಿ ಮಾಸ್ತರರ ಮಗನಿದ್ದ. ಚೀಲ ಇಟ್ಟವನು ಅವನೇ.

ಬಡ್ತಿಯ ಮಾತು ಬೇಡ ಎಂದಿದ್ದೆ, ಆದರೆ ಒಂದು ಪ್ರಶಂಸಾಪತ್ರದ ಮಾತು ಹೇಳಲೇಬೇಕು. ಮೇಲಿನವರು ಹಳೆಯ ಕಡತ ತೆಗೆದು ನೋಡಿದರು. ವರ್ಷಗಳ ಹಿಂದೆಯೇ ಈ ಮನುಷ್ಯನನ್ನು ಗುರುತಿಸಿದ ಪೊಲೀಸ್ ಯಾರು ಎಂದು ಕೇಳಿ, ಸಭೆಯಲ್ಲಿ ನನ್ನನ್ನು ನಿಲ್ಲಿಸಿ, ಶಾಲು ಹೊದಿಸಿ, ದೂರದೃಷ್ಟಿಗಾಗಿ ಪತ್ರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈಚಾಚಿ ತೆಗೆದುಕೊಂಡೆ.

ಸುರಪುರದಲ್ಲಿ ಮಾಸ್ತರರ ಮನೆಗೆ ಯಾರೂ ಹೋಗದಾದರು. ಹಾಲಿನವನೂ ಬೀದಿಯಲ್ಲೇ ಪಾತ್ರೆಗೆ ಸುರಿದು ಹೋಗುತ್ತಿದ್ದ. ನಾನು ಹೋಗುತ್ತಿದ್ದೆ. ಮೊದಲು ಕರ್ತವ್ಯದ ಮೇಲೆ, ನಿವೃತ್ತನಾದ ಮೇಲೆ ನನ್ನಷ್ಟಕ್ಕೆ. ಇಬ್ಬರೂ ಜಗಲಿಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದೆವು. ತಿಂಗಳಿಗೊಮ್ಮೆ ಮಗನನ್ನು ನೋಡಲು ಕಲಬುರಗಿ ಜೈಲಿಗೆ ಜೊತೆಯಾಗಿ ಹೋಗುತ್ತಿದ್ದೆವು. ಅವರು ಸುರಪುರದಲ್ಲಿ ಬಸ್ಸು ಹತ್ತಿ ನನಗಾಗಿ ಪಕ್ಕದ ಸೀಟು ಹಿಡಿದಿರುತ್ತಿದ್ದರು, ನಾನು ಶಹಾಪುರದಲ್ಲಿ ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಅವರದು ಒಂದೇ ಪ್ರಶ್ನೆ.

“ನಾ ಎಲ್ಲಿ ತಪ್ಪಿದೆ, ಸಾಯಬಣ್ಣ? ಸಾವಿರ ಹುಡುಗರಿಗಿ ಅಕ್ಷರ ಕಲಿಸ್ದೆ. ನನ್ನ ಮನ್ಯಾಗಿನಾಂವಗ ಏನ್ ಕಲಿಸ್ದೆ? ನೀವು ಪೊಲೀಸ್ರು, ನಿಮಗ ಗೊತ್ತಿರಬೇಕು.”

ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಒಮ್ಮೆ ಜೈಲಿನಲ್ಲಿ ಮಾಸ್ತರರು ಬಟ್ಟೆ ಒಪ್ಪಿಸಲು ಹೋದಾಗ ಮಗನ ಜೊತೆ ಐದು ನಿಮಿಷ ನಾನೊಬ್ಬನೇ ಉಳಿದೆ. ಜಾಲರಿಯ ಆಚೆ ಅವನು. ಎಲ್ಲ ಹೇಳಿಬಿಟ್ಟೆ. ಆ ಸಾಲು, ಆ ಎರಡು ಪದ, ಎಲ್ಲ. ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಬರದೀರಿ ಅಂತ ನಾ ಹೋಗಿಲ್ರಿ” ಎಂದ. “ನೌಕರಿ ತಪ್ಪಿದವ್ರು ಭಾಳ ಮಂದಿ ಅದಾರ. ಅವರ್ಯಾರೂ ಚೀಲ ಹಿಡೀಲಿಲ್ಲ. ನಾ ಹಿಡದೆ.”

“ಮತ್ತ ಯಾಕ ಹೋದಿಪಾ?”

“ನೌಕರಿ ತಪ್ಪಿದ ಮ್ಯಾಲ ಎರಡ ವರ್ಷ ನನ್ನ ಕೇಳಕೊಂಡು ಬಂದವ್ರು ಇಬ್ಬರ. ತಿಂಗಳಿಗೊಮ್ಮಿ ನೀವು. ದಿನಾ ಫೋನಿನ್ಯಾಗ ಅಂವ. ಉಂಡಿ ಏನು ಅಂತ ಕೇಳ್ತಿದ್ದ. ನನಗ ಆಗಿದ್ದು ನನಗೊಬ್ಬಗ ಆಗಿದ್ದಲ್ಲ, ನಮ್ಮೆಲ್ಲರಿಗಿ ಆಗಿದ್ದು ಅಂತಿದ್ದ. ಮಾಡಿದವ್ರು ಯಾರು ಅಂತ ತೋರಸ್ತಿದ್ದ. ಆಮ್ಯಾಲ ನಾ ಒಬ್ಬ ಅಲ್ಲ ಅನಸ್ತು. ಅದು ಭಾಳ ಚಲೋ ಅನಸ್ತಿತ್ರಿ.”

“ಆ ಬಳೀ ಮಾರಾಕಿ ನಿನಗೇನ್ ಮಾಡಿದ್ಲು?”

“ಏನೂ ಇಲ್ಲ. ಆಕಿ ಯಾರಂತನೂ ಗೊತ್ತಿರಲಿಲ್ಲ. ಯಾರರೆ ಇರಲಿ ಅಂತನ ಇಟ್ಟಿದ್ದು. ಕೋರ್ಟಿನ್ಯಾಗ ಹೆಸರು ಓದಿದ್ಮ್ಯಾಲ ಗೊತ್ತಾತು.” ಅವನು ಮುಖ ತಗ್ಗಿಸಿದ. “ಅಪ್ಪಗ ಹೇಳ್ರಿ ಇದನ್ನ. ತಾನ ಏನೋ ತಪ್ಪು ಕಲಿಸೀನಿ ಅಂತ ತಿಳಕೊಂಡು ಸಾಯಾಕತ್ತಾನ. ನೀವು ಹೇಳಿದ್ರ ಆತನ ತಲಿ ಮ್ಯಾಲಿನ ಭಾರರೆ ಇಳೀತದ.”

ಹುಡುಗಿ ಹೇಳಿದಳಲ್ಲ, ಪುಸ್ತಕ ತಲೆಗೆ ಹತ್ತಲಿಲ್ಲ ಎಂದು. ನನಗೆ ಹತ್ತಿದ್ದು ಇಷ್ಟು. ಒಂದು ಗಾಯ ಬೇಕು, ಅದು ನಿಜವಾದದ್ದೂ ಇರಬಹುದು. ಆ ಗಾಯದ ಜೊತೆ ಮನುಷ್ಯ ಒಬ್ಬನೇ ಉಳಿಯಬೇಕು. ಅದಕ್ಕೆ ಕಾರಣ ಇಂಥವರು ಎಂದು ತೋರಿಸುವ ಒಬ್ಬ ಬರಬೇಕು. ಇಷ್ಟಾದ ಮೇಲೂ ಚೀಲವನ್ನು ಎತ್ತುವವನು ಆ ಗಾಯವಾದವನೇ, ಅದರ ಪಾಪ ಅವನದೇ, ಅದನ್ನು ನಾನು ಹಂಚಿಕೊಳ್ಳಲಾರೆ. ನನ್ನದು ಅದಕ್ಕಿಂತ ಹಿಂದಿನದು.

ಜೈಲಿನಿಂದ ಬಂದ ಮೇಲೂ ನಾನು ಎರಡು ವರ್ಷ ಹೇಳಲಿಲ್ಲ. ಹೇಳಿದರೆ ಆ ಜಗಲಿ ಹೋಗುತ್ತದೆ, ಆ ಬಸ್ಸಿನ ಸೀಟು ಹೋಗುತ್ತದೆ. ನನಗೆ ಬೇರೆ ಯಾರಿದ್ದಾರೆ? ಅವರು ಅದೇ ಪ್ರಶ್ನೆ ಕೇಳುತ್ತಿದ್ದರು, ನಾನು ಕಿಟಕಿ ನೋಡುತ್ತಿದ್ದೆ. ಕೊನೆಗೆ ಇದನ್ನು ಬರೆಯಲು ಕೂತಾಗ ಬರೆದದ್ದನ್ನು ಅವರು ಬೇರೆಯವರಿಂದ ಕೇಳುವುದು ಬೇಡ ಎನಿಸಿತು. ಹೋದ ತಿಂಗಳು ಒಂದು ಮಧ್ಯಾಹ್ನ ಸುರಪುರಕ್ಕೆ ಹೋಗಿ ಜಗಲಿಯ ಮೇಲೆ ಕೂತು ಹೇಳಿದೆ. ಅವರು ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಒಂದಷ್ಟು ಬಿಡಿಸಿದರು.

“ಆ ಬಸ್ಸಿನ ಸುದ್ದಿ ನಿನಗ ಯಾರ್ ಹೇಳಿದ್ರು?” ಎಂದು ಕೇಳಿದರು.

ಇದೊಂದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವರ ತಲೆಯ ಮೇಲಿನ ಭಾರ ಇಳಿಸಲು ಹೋದವನು ಇನ್ನೊಂದನ್ನು ಹೊರಿಸಿದ್ದೆ.

“ನಾನ ಹೇಳಿದ್ದೆ” ಎಂದರು ಅವರೇ. “ಇದ ಮನ್ಯಾಗ ಕುಂತು, ಹಿಗ್ಗಿ ಹಿಗ್ಗಿ ಹೇಳಿದ್ದೆ. ನೀ ಭಲೇ ಅಂದಿದ್ದಿ.”

“ಮಾಸ್ತರ್ರ, ತಪ್ಪಾತ್ರಿ.”

“ಚಾ ಕುಡದಿದ್ದಿ.”

“ಹೌದ್ರಿ.”

ಅವರು ಎದ್ದು ಮಡಿಲಿನ ಸಿಪ್ಪೆ ಕೊಡವಿಕೊಂಡರು. ಬೈಯಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಕಾದು, ಮತ್ತೆ ಕರೆಯುವ ಧೈರ್ಯವಾಗದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಈ ತಿಂಗಳ ಭೇಟಿಯ ದಿನ ಅವರು ಬರುತ್ತಾರೋ ಇಲ್ಲವೋ ಎಂದು ತಿಳಿಯದೆ ಶಹಾಪುರದಲ್ಲಿ ಅದೇ ಬಸ್ಸಿಗೆ ಕಾದೆ. ಬಂದಿದ್ದರು. ಅವರ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಮಾಸ್ತರರು ನನ್ನ ಕಡೆ ತಿರುಗಲಿಲ್ಲ. ಜೇವರ್ಗಿಯ ತನಕ ಹಿಂದೆ ನಿಂತುಕೊಂಡೇ ಹೋದೆ. ಕಲಬುರಗಿಯಲ್ಲಿ ಇಳಿಯುವಾಗ ಮೆಟ್ಟಿಲ ಹತ್ತಿರ ಕೈ ಚಾಚಿದೆ. ಅವರ ಮೊಣಕಾಲು ಸರಿಯಿಲ್ಲ, ಯಾವಾಗಲೂ ನನ್ನ ಕೈ ಹಿಡಿದೇ ಇಳಿಯುತ್ತಿದ್ದರು. ಅಂದು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಕೂತ ಹಾಗೆ ಇಳಿದರು.

ಜೈಲಿನ ಬಾಗಿಲಲ್ಲಿ ಸರದಿ ಇತ್ತು. ನಾನು ಅವರ ಹಿಂದೆಯೇ, ಮೈ ತಾಗುವಷ್ಟು ಹತ್ತಿರ ನಿಂತಿದ್ದೆ. ರಿಜಿಸ್ಟರ್ ಬರೆಯುವ ಕಾನ್ಸ್‌ಟೇಬಲ್ ನಮ್ಮಿಬ್ಬರನ್ನೂ ವರ್ಷಗಳಿಂದ ಬಲ್ಲವನು. ರೂಢಿಯಂತೆ ತಲೆ ಎತ್ತದೆಯೇ ಕೇಳಿದ.

“ಸಂಗಾಟ ಯಾರ್ ಬಂದಾರ್ರಿ ಮಾಸ್ತರ್ರ?”

“ಯಾರೂ ಇಲ್ಲಪಾ” ಎಂದರು ಮಾಸ್ತರರು. “ಒಬ್ಬನ ಬಂದೀನಿ.”